ಒದೆಯುವ ಕಾಲದಿಂದ ಅಂಗೈಯ ಡಬ್ಬಿಯವರೆಗೆ

ಮಳೆಗಾಲದ ಒಂದು ಮುಂಜಾನೆ. ನಾಲ್ಕು ದಿನ ಜಡಿಮಳೆಯಲ್ಲಿ ಅಂಗಳದಲ್ಲೇ ನಿಂತಿದ್ದ ಬೈಕನ್ನು ಹೊರಡಿಸಬೇಕು. ಕೀಲಿ ತಿರುಗಿಸಿದರೆ ಮೀಟರಿನ ದೀಪ ಮಂಕಾಗಿ ಹೊತ್ತಿಕೊಳ್ಳುತ್ತದೆ. ಗುಂಡಿ ಒತ್ತಿದರೆ 'ಟಕ್ ಟಕ್' ಎಂಬ ಸದ್ದು ಮಾತ್ರ. ಕಾಲು ಅಭ್ಯಾಸಬಲದಿಂದ ಕಿಕ್ಕರನ್ನು ಹುಡುಕುತ್ತದೆ. ಅಲ್ಲಿ ಕಿಕ್ಕರೇ ಇಲ್ಲ! ಹತ್ತಿರದ ಮೆಕ್ಯಾನಿಕ್ ಅಂಗಡಿ ಎಂಟು ಮೈಲಿ ದೂರ. ಇಂಥ ಹೊತ್ತಿನಲ್ಲಿ ಅಂಗೈಯಗಲದ ಒಂದು ಲಿಥಿಯಂ ಡಬ್ಬಿ, ಎರಡು ಚಿಮುಟ ಮತ್ತು ಎರಡು ತಂತಿ ಇದ್ದರೆ ಬೈಕು ಅರೆ ನಿಮಿಷದಲ್ಲಿ ಗುಡುಗುತ್ತದೆ. 'ಜಂಪ್ ಸ್ಟಾರ್ಟರ್' ಎಂದು ಕರೆಯುವ ಈ ಡಬ್ಬಿ ಹೊಸದು. ಆದರೆ ಅದು ಉತ್ತರ ಹೇಳುತ್ತಿರುವ ಪ್ರಶ್ನೆ ಮೋಟಾರು ಬೈಕಿನಷ್ಟೇ ಹಳೆಯದು.

ತಾನಾಗಿ ಏಳದ ಯಂತ್ರ

ಪೆಟ್ರೋಲ್ ಎಂಜಿನ್ನಿಗೆ ಹುಟ್ಟಿನಿಂದಲೇ ಬಂದ ದೋಷವೊಂದಿದೆ. ಉಗಿಯಂತ್ರಕ್ಕೆ ಕವಾಟ ತೆರೆದರೆ ಸಾಕು, ವಿದ್ಯುತ್ ಮೋಟಾರಿಗೆ ಸ್ವಿಚ್ ಒತ್ತಿದರೆ ಸಾಕು. ಪೆಟ್ರೋಲ್ ಎಂಜಿನ್ ಹಾಗಲ್ಲ. ಅದು ಮೊದಲು ಗಾಳಿ ಮತ್ತು ಇಂಧನವನ್ನು ಒಳಗೆಳೆದುಕೊಳ್ಳಬೇಕು, ಅದನ್ನು ಒತ್ತಿ ಹಿಂಡಬೇಕು, ಆಮೇಲೆ ಕಿಡಿ ಹಾರಬೇಕು. ಈ ಕೆಲಸಗಳು ನಡೆಯಬೇಕಾದರೆ ಎಂಜಿನ್ ಆಗಲೇ ತಿರುಗುತ್ತಿರಬೇಕು. ಅಂದರೆ, ಮೊದಲ ಒಂದೆರಡು ಸುತ್ತಿನ ಶ್ರಮ ಬೇರೆಯವರದು.

ಜರ್ಮನಿಯಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಮರದ ಚೌಕಟ್ಟಿಗೆ ಎಂಜಿನ್ ಕೂರಿಸಿ ಮೊದಲ ಪೆಟ್ರೋಲ್ ಬೈಕನ್ನು ಓಡಿಸಿದ್ದು 1885ರಲ್ಲಿ. 1894ರಲ್ಲಿ ಮಾರುಕಟ್ಟೆಗೆ ಬಂದ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮುಲ್ಲರ್ ಬೈಕಿನ ಸವಾರ ಅದನ್ನು ತಳ್ಳುತ್ತ ಓಡಿ, ಎಂಜಿನ್ ಹತ್ತಿಕೊಂಡೊಡನೆ ಮೇಲಕ್ಕೆ ಹಾರಿ ಕೂರಬೇಕಿತ್ತು. ಕೆಲವು ಬೈಕುಗಳಿಗೆ ಸೈಕಲ್ಲಿನಂತೆ ಪೆಡಲುಗಳಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಆಂಗಸ್ ಸ್ಕಾಟ್ ತನ್ನ ಬೈಕಿಗೆ ಕಿಕ್ ಸ್ಟಾರ್ಟರ್ ಅಳವಡಿಸಿದ. ನಿಂತಲ್ಲೇ ನಿಂತು ಒಂದು ಒದೆ ಕೊಟ್ಟು ಬೈಕನ್ನು ಎಬ್ಬಿಸುವ ಪದ್ಧತಿ ಹೀಗೆ ಬಂತು.

ಕಿಡಿಯ ಚಿಂತೆಯನ್ನು ಮ್ಯಾಗ್ನೆಟೊ ನಿವಾರಿಸಿತ್ತು. ಅಯಸ್ಕಾಂತದ ಬಳಿ ತಂತಿಯ ಸುರುಳಿ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ. ಬಾಷ್ ಕಂಪೆನಿಯ ಗಾಟ್ಲೋಬ್ ಹೊನೊಲ್ಡ್ 1902ರಲ್ಲಿ ರೂಪಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಇದೇ ತತ್ತ್ವದಿಂದ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಒದಗಿಸಿತು. ಕಾಲಿನ ಒದೆಯಿಂದಲೇ ತಿರುಗುವಿಕೆ, ಅದರಿಂದಲೇ ಕಿಡಿ. ಬ್ಯಾಟರಿಯ ಹಂಗೇ ಇಲ್ಲ. ಆ ಕಾಲದ ಬೈಕು ಸಂಪೂರ್ಣ ಸ್ವಾವಲಂಬಿ. ಆದರೆ ಅದನ್ನು ಎಬ್ಬಿಸಲು ಗಟ್ಟಿಯಾದ ಕಾಲು ಬೇಕು. ಲೆಕ್ಕ ತಪ್ಪಿದರೆ ಎಂಜಿನ್ ತಿರುಗಿ ಒದೆಯುತ್ತಿತ್ತು, ಪಾದದ ಕೀಲು ಉಳುಕುತ್ತಿತ್ತು.

ಗಲ್ಲಾಪೆಟ್ಟಿಗೆ ಹೇಳಿಕೊಟ್ಟ ಪಾಠ

ಕಾರುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ತಿರುಗಿಸುವಾಗ ಅದು ಹಿಂದಕ್ಕೆ ಬಡಿದು ಕೈ, ದವಡೆ ಮುರಿದವರಿದ್ದರು. ಅಮೆರಿಕದಲ್ಲಿ ಕಾರು ತಯಾರಕ ಬೈರನ್ ಕಾರ್ಟರ್, ನಿಂತುಹೋದ ಕಾರನ್ನು ಪರರಿಗಾಗಿ ಸ್ಟಾರ್ಟ್ ಮಾಡಲು ಹೋಗಿ ಪೆಟ್ಟು ತಿಂದು 1908ರಲ್ಲಿ ತೀರಿಕೊಂಡನೆಂಬ ಕಥೆ ಪ್ರಸಿದ್ಧ. ಕ್ಯಾಡಿಲ್ಯಾಕ್ ಕಂಪೆನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಇದರಿಂದ ನೊಂದು, ಹಿಡಿಯೇ ಬೇಡದ ಕಾರು ಬೇಕೆಂದು ಪಟ್ಟು ಹಿಡಿದನೆಂದು ಹೇಳುತ್ತಾರೆ. ಕಥೆಯ ವಿವರಗಳ ಬಗೆಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಪರಿಹಾರ ಯಾರಿಂದ ಬಂತೆಂಬುದರಲ್ಲಿ ಸಂಶಯವಿಲ್ಲ.

ಆತ ಒಹಾಯೊ ರಾಜ್ಯದ ಚಾರ್ಲ್ಸ್ ಕೆಟರಿಂಗ್. ಹಿಂದೆ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿಯಲ್ಲಿದ್ದಾಗ ಅಂಗಡಿಗಳ ಗಲ್ಲಾಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದ. ಎಂಜಿನ್ ತಿರುಗಿಸಬೇಕಾದರೆ ಬಹುತೇಕ ಎಂಜಿನ್ನಿನಷ್ಟೇ ದೊಡ್ಡ ಮೋಟಾರು ಬೇಕು ಎಂಬುದು ಅಂದಿನ ತಜ್ಞರ ತೀರ್ಪು. ಕೆಟರಿಂಗ್ ಬೇರೆ ರೀತಿಯಲ್ಲಿ ಯೋಚಿಸಿದ. ಗಲ್ಲಾಯಂತ್ರದ ಮೋಟಾರು ದಿನವಿಡೀ ದುಡಿಯುವುದಿಲ್ಲ. ಒಂದು ಕ್ಷಣ ಜೋರಾಗಿ ತಿರುಗಿ ಸುಮ್ಮನಾಗುತ್ತದೆ. ಸ್ಟಾರ್ಟರಿನ ಕೆಲಸವೂ ಅಷ್ಟೇ ತಾನೆ? ಕೆಲವೇ ಸೆಕೆಂಡು ದುಡಿಯುವ ಮೋಟಾರಿಗೆ ಅದರ ಶಕ್ತಿ ಮೀರಿದ ಹೊರೆ ಹೊರಿಸಬಹುದು, ಬಿಸಿಯಾಗುವ ಮೊದಲೇ ಕೆಲಸ ಮುಗಿದಿರುತ್ತದೆ. 1911ರಲ್ಲಿ ಪ್ರಯೋಗ ಗೆದ್ದಿತು. 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರುಗಳಿಗೆ ಸೆಲ್ಫ್ ಸ್ಟಾರ್ಟರ್ ಬಂತು. ತೋಳ್ಬಲವಿಲ್ಲದವರು, ವಯಸ್ಸಾದವರು ಯಾರ ನೆರವೂ ಇಲ್ಲದೆ ಕಾರು ನಡೆಸುವಂತಾದರು. ಹೆಂಗಸರು ಒಂಟಿಯಾಗಿ ಕಾರು ತೆಗೆದುಕೊಂಡು ಹೊರಡುವುದು ಸುಲಭವಾಯಿತು.

ಈ ಜಾಣ್ಮೆಗೆ ಆಸರೆಯಾದದ್ದು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಸೀಸ-ಆಮ್ಲದ ಬ್ಯಾಟರಿ. ಸೀಸ ಭಾರ. ಕಾರಿನಲ್ಲಿ ಅದನ್ನು ಹೇಗೋ ತುರುಕಬಹುದು, ಬೈಕಿನಲ್ಲಿ ಜಾಗವೆಲ್ಲಿ? ಅಮೆರಿಕದ ಇಂಡಿಯನ್ ಕಂಪೆನಿ 1914ರಲ್ಲಿ 'ಹೆಂಡೀ ಸ್ಪೆಷಲ್' ಎಂಬ ಸೆಲ್ಫ್ ಸ್ಟಾರ್ಟ್ ಬೈಕನ್ನು ತಂದು ಕೈ ಸುಟ್ಟುಕೊಂಡಿತು. ಬ್ಯಾಟರಿಗಳು ತಾಳಲಿಲ್ಲ, ಮಾದರಿ ಬೇಗನೆ ಮರೆಯಾಯಿತು. ಬೈಕು ಸವಾರರು ಮತ್ತೆ ನಾಲ್ಕು ದಶಕ ಒದೆಯುತ್ತಲೇ ಇದ್ದರು. ಜಪಾನಿನ ಹೊಂಡಾ 1950ರ ದಶಕದ ಕೊನೆಗೆ ಸಣ್ಣ ಬೈಕುಗಳಿಗೂ ಗುಂಡಿ ತಂದಿತು. 1965ರಲ್ಲಿ ಹಾರ್ಲೆ-ಡೇವಿಡ್‌ಸನ್ನಿನ ಎಲೆಕ್ಟ್ರಾ ಗ್ಲೈಡ್, 1969ರಲ್ಲಿ ಹೊಂಡಾ ಸಿಬಿ 750 ಬಂದ ಮೇಲೆ ದೊಡ್ಡ ಬೈಕುಗಳಲ್ಲೂ ಅದು ಮಾಮೂಲಾಯಿತು.

ಮೈಸೂರಿನ ಒದೆ

ನಮ್ಮಲ್ಲಿ ಒದೆಯ ಯುಗ ಇನ್ನಷ್ಟು ಕಾಲ ಬಾಳಿತು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾದ ವಿನ್ಯಾಸದ ಜಾವಾ, ಅನಂತರದ ಯೆಜ್ಡಿ ಬೈಕುಗಳಲ್ಲಿ ಒಂದು ವಿಶೇಷವಿತ್ತು. ಕಿಕ್ಕರಿಗೂ ಗೇರಿಗೂ ಎಡಗಡೆ ಒಂದೇ ಸನ್ನೆ. ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಇಳಿಸಿದರೆ ಗೇರು. ಹೊಸಬರು ತಬ್ಬಿಬ್ಬಾಗುತ್ತಿದ್ದರು, ಹಳಬರು ಒಂದೇ ಒದೆಗೆ ಎಬ್ಬಿಸಿ ಮೀಸೆ ತಿರುವುತ್ತಿದ್ದರು. ಒದೆಗೂ ಜಗ್ಗದಿದ್ದರೆ ಇಳಿಜಾರಿನಲ್ಲಿ ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಡುವ ಉಪಾಯ ಹುಡುಗರಿಗೂ ಗೊತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

ಅಷ್ಟರಲ್ಲಿ ಗಾಳಿ ಬದಲಾಗಿತ್ತು. 1984ರಲ್ಲಿ ಬಂದ ಕೈನೆಟಿಕ್ ಹೊಂಡಾ ಗೇರಿಲ್ಲದ, ಗುಂಡಿ ಒತ್ತಿ ಹೊರಡುವ ಸ್ಕೂಟರನ್ನು ಮನೆಮಾತಾಗಿಸಿತು. ಕೆಟರಿಂಗನ ಸ್ಟಾರ್ಟರು ಅಮೆರಿಕದಲ್ಲಿ ಮಾಡಿದ ಕೆಲಸವನ್ನು ಇಂಥ ಸ್ಕೂಟರುಗಳು ಇಲ್ಲಿ ಮಾಡಿದವು. ಸೀರೆಯುಟ್ಟ ಶಿಕ್ಷಕಿಯಿಂದ ಕಾಲೇಜು ಹುಡುಗಿಯವರೆಗೆ ಯಾರನ್ನೂ 'ಸ್ವಲ್ಪ ಕಿಕ್ ಹೊಡೆದುಕೊಡಿ' ಎಂದು ಕೇಳಬೇಕಾಗಿಲ್ಲದ ಸ್ವಾತಂತ್ರ್ಯ ಅದು.

ಆದರೆ ಪ್ರತಿ ಸೌಕರ್ಯಕ್ಕೂ ಒಂದು ಬೆಲೆಯಿದೆ. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಎಂಜಿನ್ ಜೊತೆಗೇ ಉರಿಯಬೇಕೆಂಬ ನಿಯಮ ಬಂತು. 2020ರ ಏಪ್ರಿಲಿನಲ್ಲಿ ಜಾರಿಯಾದ ಬಿಎಸ್-6 ಮಾನದಂಡದಿಂದಾಗಿ ಬಹುತೇಕ ಬೈಕುಗಳಿಂದ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಇಂಧನ ಒತ್ತಲು ವಿದ್ಯುತ್ ಪಂಪು, ಅಳೆಯಲು ಪುಟ್ಟ ಕಂಪ್ಯೂಟರು. ಬ್ಯಾಟರಿ ಪೂರ್ತಿ ಸೋತಿದ್ದರೆ ತಳ್ಳಿದರೂ ಪ್ರಯೋಜನವಾಗದಿರಬಹುದು. ಗೇರಿಲ್ಲದ ಸ್ಕೂಟರನ್ನಂತೂ ತಳ್ಳಿ ಎಬ್ಬಿಸುವಂತೆಯೇ ಇಲ್ಲ. ಹಲವು ಹೊಸ ಬೈಕುಗಳಲ್ಲಿ ಕಿಕ್ಕರನ್ನೂ ಕೈಬಿಟ್ಟರು. ಹೊಗೆ ಕಡಿಮೆಯಾಯಿತು, ಮೈಲೇಜ್ ಸುಧಾರಿಸಿತು, ಹಳೆಯ ಸ್ವಾವಲಂಬನೆ ಹೋಯಿತು.

ಲಿಥಿಯಂ ಪ್ರವೇಶ

ಈ ಕೊರತೆ ತುಂಬಲು ಬಂದದ್ದು ಎಲ್ಲ ಲೋಹಗಳಲ್ಲಿ ಅತಿ ಹಗುರವಾದ ಲಿಥಿಯಂ. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಬ್ಯಾಟರಿಗೆ ಅಡಿಪಾಯ ಹಾಕಿದರು. 1980ರಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡ್ ಬಳಸಿ ಅದರ ಬಲ ಹೆಚ್ಚಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಅದಕ್ಕೆ ಸುರಕ್ಷಿತ ರೂಪ ಕೊಟ್ಟರು. 1991ರಲ್ಲಿ ಸೋನಿ ಕಂಪೆನಿ ಮಾರುಕಟ್ಟೆಗೆ ತಂದಿತು. ಈ ಮೂವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಹೆಚ್ಚು ಬಿಸಿ ತಾಳುವ, ಬೇಗ ಹೊತ್ತಿಕೊಳ್ಳದ ಲಿಥಿಯಂ ಐರನ್ ಫಾಸ್ಫೇಟ್ ಕುರಿತು 1997ರಲ್ಲಿ ಗುಡ್‌ಇನಫ್ ಜೊತೆ ಪ್ರಬಂಧ ಪ್ರಕಟಿಸಿದವರು ಎ.ಕೆ. ಪಾಢಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ಎರಡನೆಯದು ಕನ್ನಡಿಗರ ಕಿವಿಗೆ ತೀರ ಪರಿಚಿತವೆನಿಸುವ ಹೆಸರು.

ಜಂಪ್ ಸ್ಟಾರ್ಟರಿನೊಳಗೆ ಸಾಮಾನ್ಯವಾಗಿ ಮೂರು ಕೋಬಾಲ್ಟ್ ಜಾತಿಯ ಅಥವಾ ನಾಲ್ಕು ಫಾಸ್ಫೇಟ್ ಕೋಶಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಅರ್ಧ ಕಿಲೋ ತೂಗುವ ಡಬ್ಬಿ ಎಂಜಿನ್ ಎಬ್ಬಿಸುವುದು ಹೇಗೆ? ಲೆಕ್ಕ ಸರಳ. ಸಣ್ಣ ಬೈಕಿನ ಸ್ಟಾರ್ಟರು 10 ವೋಲ್ಟಿನಲ್ಲಿ 50 ಆಂಪಿಯರ್ ಎಳೆಯುತ್ತದೆ ಎನ್ನಿ. ಅದು 500 ವಾಟ್. ಮೂರು ಸೆಕೆಂಡಿಗೆ 1500 ಜೂಲ್, ಅಂದರೆ ಅರ್ಧ ವಾಟ್-ಅವರಿಗೂ ಕಡಿಮೆ. ಡಬ್ಬಿಯಲ್ಲಿರುವುದು 37 ವಾಟ್-ಅವರ್ ಎಂದಾದರೆ ಖರ್ಚು ನೂರರಲ್ಲಿ ಒಂದೆರಡು ಪಾಲು. ಬೇಕಾದದ್ದು ಹೆಚ್ಚು ಶಕ್ತಿಯಲ್ಲ, ಕ್ಷಣಕಾಲದ ರಭಸ. ಗಲ್ಲಾಪೆಟ್ಟಿಗೆಯಿಂದ ಕೆಟರಿಂಗ್ ಕಲಿತ ಪಾಠವೇ ಇಲ್ಲೂ ದುಡಿಯುತ್ತಿದೆ.

ಕೊಳ್ಳುವಾಗ

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ 'ಪೀಕ್ ಆಂಪಿಯರ್' ಸಂಖ್ಯೆಗೆ ಮರುಳಾಗಬಾರದು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಗರಿಷ್ಠ. ಕೆಲವು ಸೆಕೆಂಡು ಸತತವಾಗಿ ಕೊಡಬಲ್ಲ 'ಸ್ಟಾರ್ಟಿಂಗ್ ಕರೆಂಟ್' ಎಷ್ಟೆಂದು ಕೇಳಬೇಕು. ಸಣ್ಣ ಬೈಕುಗಳಿಗೆ 100 ಆಂಪಿಯರ್ ಧಾರಾಳ, ದೊಡ್ಡ ಎಂಜಿನ್ನಿಗೆ 200 ಇದ್ದರೆ ನೆಮ್ಮದಿ. 10,000 ಎಂಎಎಚ್ ಎಂಬುದೂ ಸಾಮಾನ್ಯವಾಗಿ 3.7 ವೋಲ್ಟಿನ ಒಂಟಿ ಕೋಶದ ಲೆಕ್ಕದ್ದು. ವಾಟ್-ಅವರ್ ನೋಡಿ ಹೋಲಿಸುವುದೇ ಸರಿ. ವಿಮಾನ ಪ್ರಯಾಣಿಕರಿಗೂ ಆ ಸಂಖ್ಯೆ ಬೇಕು. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಷ್ಟೇ ಒಯ್ಯಬಹುದು, 100 ವಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಚಿಮುಟಗಳ ನಡುವಿನ ಪುಟ್ಟ ಪೆಟ್ಟಿಗೆ ಬಹಳ ಮುಖ್ಯ. ಕೆಂಪು-ಕಪ್ಪು ಅದಲುಬದಲಾದರೆ, ಚಿಮುಟಗಳು ಒಂದಕ್ಕೊಂದು ತಾಗಿದರೆ ವಿದ್ಯುತ್ ಹರಿಯದಂತೆ ತಡೆಯುವುದು ಅದೇ. ಚಿಮುಟದ ಬಾಯಿ ಚಿಕ್ಕದಾಗಿರಬೇಕು. ಕಾರಿಗೆಂದು ಮಾಡಿದ ಅಗಲ ಬಾಯಿಯ ಚಿಮುಟ ಬೈಕಿನ ಸೀಟಿನಡಿಯ ಇಕ್ಕಟ್ಟಿನಲ್ಲಿ ಹಿಡಿಯುವುದಿಲ್ಲ. ಹಳೆಯ ಜಾವಾದಂಥ 6 ವೋಲ್ಟಿನ ಬೈಕು ಉಳ್ಳವರು 12 ವೋಲ್ಟಿನ ಈ ಡಬ್ಬಿಯನ್ನು ಅದಕ್ಕೆ ಜೋಡಿಸಲೇಬಾರದು.

ಬಳಸುವಾಗ

ಮೊದಲು ಕೀಲಿ ಆಫ್ ಇರಲಿ. ಕೆಂಪು ಚಿಮುಟ ಬ್ಯಾಟರಿಯ ಧನ ತುದಿಗೆ. ಕಪ್ಪು ಚಿಮುಟ ಬ್ಯಾಟರಿಯಿಂದ ದೂರ, ಎಂಜಿನ್ ಅಥವಾ ಚೌಕಟ್ಟಿನ ಬಣ್ಣವಿಲ್ಲದ ಲೋಹಕ್ಕೆ. ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುವುದುಂಟು, ಅದರ ಬಳಿ ಕಿಡಿ ಹಾರಿದರೆ ಅಪಾಯ. ಆಮೇಲೆ ಕೀಲಿ ತಿರುಗಿಸಿ ಗುಂಡಿಯನ್ನು ಮೂರರಿಂದ ಐದು ಸೆಕೆಂಡು ಮಾತ್ರ ಒತ್ತಬೇಕು. ಹತ್ತಿಕೊಳ್ಳದಿದ್ದರೆ ಅರ್ಧ ನಿಮಿಷ ಬಿಡುವು ಕೊಡಬೇಕು. ಸ್ಟಾರ್ಟ್ ಆದೊಡನೆ ಕಪ್ಪು ಮೊದಲು, ಕೆಂಪು ಆಮೇಲೆ ತೆಗೆಯಬೇಕು. ಹಾಗೇ ಬಿಟ್ಟರೆ ಬೈಕಿನ ವಿದ್ಯುತ್ ಡಬ್ಬಿಯೊಳಕ್ಕೆ ಹಿಮ್ಮುಖವಾಗಿ ನುಗ್ಗಬಹುದು. ಬ್ಯಾಟರಿ ಪೂರ್ತಿ ಸತ್ತಿದ್ದಾಗ ಒತ್ತುವ 'ಬೂಸ್ಟ್' ಗುಂಡಿ ಹಲವು ಡಬ್ಬಿಗಳಲ್ಲಿ ರಕ್ಷಣೆಯನ್ನೇ ಕಳಚಿಬಿಡುತ್ತದೆ. ಅದನ್ನು ಒತ್ತುವ ಮೊದಲು ಚಿಮುಟಗಳನ್ನು ಎರಡು ಬಾರಿ ನೋಡಿಕೊಳ್ಳಬೇಕು. ಉಬ್ಬಿದ ಅಥವಾ ಸೋರುವ ಬ್ಯಾಟರಿಗೆ ಏನನ್ನೂ ಜೋಡಿಸಬಾರದು.

ಲಿಥಿಯಂನ ಮುಖ್ಯ ಶತ್ರು ಬಿಸಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಲ್ಲಿ ನಿಂತ ಬೈಕಿನ ಪೆಟ್ಟಿಗೆಯಲ್ಲಿ ಅದನ್ನು ಇಡಬಾರದು. ಲಡಾಖಿಗೆ ಹೊರಟವರು ಹೆಪ್ಪುಗಟ್ಟುವ ಚಳಿಯಲ್ಲಿ ಅದಕ್ಕೆ ಚಾರ್ಜ್ ಮಾಡಬಾರದು, ಅಂಗಿಯೊಳಗಿಟ್ಟು ಬೆಚ್ಚಗಾದ ಮೇಲೆ ಬಳಸಬೇಕು. ಮೂರು ತಿಂಗಳಿಗೊಮ್ಮೆ ಚಾರ್ಜ್ ಪರೀಕ್ಷಿಸಬೇಕು. ಡಬ್ಬಿ ಉಬ್ಬಿದರೆ ಬಳಕೆ ನಿಲ್ಲಿಸಿ, ಕಸದ ಬುಟ್ಟಿಗೆ ಹಾಕದೆ ಸಂಗ್ರಹಿಸುವವರಿಗೆ ಒಪ್ಪಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಈ ಡಬ್ಬಿ ಬೈಕನ್ನು ಎಬ್ಬಿಸುತ್ತದೆಯೇ ಹೊರತು ಅದರ ಕಾಯಿಲೆ ವಾಸಿಮಾಡುವುದಿಲ್ಲ. ವಿಶ್ರಾಂತಿಯಲ್ಲಿರುವ ಒಳ್ಳೆಯ ಸೀಸದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುತೇಕ ಬರಿದಾದಂತೆ. ಎಂಜಿನ್ ಓಡುವಾಗ ಅದು ಹದಿಮೂರೂವರೆಯಿಂದ ಹದಿನಾಲ್ಕೂವರೆಯ ನಡುವೆ ಇರದಿದ್ದರೆ ದೋಷ ಚಾರ್ಜ್ ಮಾಡುವ ವ್ಯವಸ್ಥೆಯದು. ವಾರಕ್ಕೆರಡು ಬಾರಿ ಡಬ್ಬಿ ಬೇಕಾಗುತ್ತಿದ್ದರೆ ಹೋಗಬೇಕಾದದ್ದು ಮೆಕ್ಯಾನಿಕ್ ಬಳಿಗೆ.

ಕಾಲಿನ ಬಲ ಕೇಳುತ್ತಿದ್ದ ಯಂತ್ರ ಯಾರ ಹಂಗಿಲ್ಲದೆ ಓಡುತ್ತಿತ್ತು, ಆದರೆ ಎಲ್ಲರ ಕೈಗೆ ಸಿಗುತ್ತಿರಲಿಲ್ಲ. ಗುಂಡಿ ಅದನ್ನು ಎಲ್ಲರದಾಗಿಸಿ ಬ್ಯಾಟರಿಯ ಹಂಗಿಗೆ ಕಟ್ಟಿಹಾಕಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆನಿಸಿಕೊಂಡ ಈ ಡಬ್ಬಿ ಕಳೆದುಹೋದ ಸ್ವಾವಲಂಬನೆಯ ಒಂದು ಚೂರನ್ನು ಮರಳಿಸಿದೆ. ಒಂದು ಷರತ್ತು ಮಾತ್ರ ಇದೆ: ಹೊರಡುವ ಮೊದಲು ಅದಕ್ಕೂ ಚಾರ್ಜ್ ಮಾಡಿರಬೇಕು.