ಬ್ಯಾಟರಿಗೆ ಹನ್ನೆರಡು ವೋಲ್ಟು

ನಮ್ಮ ಅಥಣಿ, ರಾಯಬಾಗ ಕಡೆ ಟಾರ್ಚಿಗೆ 'ಬ್ಯಾಟರಿ' ಅಂತಲೇ ಹೆಸರು. ಒಳಗೆ ಹಾಕೋದು 'ಶೆಲ್ಲು'. ಬೆಂಗಳೂರಿನ ಅಂಗಡಿಯಲ್ಲಿ ಬ್ಯಾಟರಿ ಕೇಳಿದರೆ ಶೆಲ್ಲು ಕೊಡ್ತಾರೆ :) ಇವತ್ತು ಆ ಬ್ಯಾಟರಿಯ ಕತೆ.

ಈ ಸೀಮೆಗೆ ಬ್ಯಾಟರಿ ಯಾಕೆ ಬೇಕು ಅಂದರೆ ಕಬ್ಬಿಗೋಸ್ಕರ. ಕೃಷ್ಣೆಯ ದಂಡೆಯ ಉಗಾರದಲ್ಲಿ (ಈಗ ಕಾಗವಾಡ ತಾಲೂಕು) 1939ರಲ್ಲೇ ಸಕ್ಕರೆ ಕಂಪನಿ ಹುಟ್ಟಿತು. ದೂಧಗಂಗಾ, ವೇದಗಂಗಾ ಹರಿಯುವ ಚಿಕ್ಕೋಡಿ, ನಿಪ್ಪಾಣಿ ಕಡೆಗೂ ಕಬ್ಬೇ ಕಬ್ಬು. ಕಬ್ಬಿಗೆ ನೀರು, ನೀರಿಗೆ ಪಂಪ್‌ಸೆಟ್ಟು, ಪಂಪ್‌ಸೆಟ್ಟಿಗೆ ತ್ರೀ ಫೇಜ್ ಕರೆಂಟು. ಆ ಕರೆಂಟು ಪಾಳಿಯ ಮೇಲೆ, ಎಷ್ಟೋ ಸಲ ನಡುರಾತ್ರಿ. ಆಳೆತ್ತರದ ಕಬ್ಬಿನೊಳಗೆ ಬರಿಗಾಲಲ್ಲಿ ನೀರು ಹಾಯಿಸುವವನಿಗೆ ಕಾಲಡಿ ಇರೋದು ಪೈಪೋ ಕೊಳಕುಮಂಡಲವೋ ಗೊತ್ತಾಗಬೇಕಲ್ಲ.

ನಮ್ಮಜ್ಜನ ಹತ್ತಿರ ಇದ್ದದ್ದು ಎವರೆಡಿಯ ಹಿತ್ತಾಳೆ ಬ್ಯಾಟರಿ, 'ಜೀವನ್ ಸಾಥಿ'. ಒಂದು ಶೆಲ್ಲಿಗೆ 1.5 ವೋಲ್ಟು, ಎರಡಕ್ಕೆ 3. ಬಲ್ಬಿನ ಕೊರಳಲ್ಲಿ ಬರೆದಿರೋದು ಮಾತ್ರ 2.5, ಉರಿಯುವಾಗ ಉಳಿದರ್ಧ ವೋಲ್ಟು ಶೆಲ್ಲಿನೊಳಗೇ ಕರಗುತ್ತೆ. ಶೆಲ್ಲು ಸೊರಗಿದರೆ ಬೆಳಕು ಕೆಂಪಾಗುತ್ತೆ. ಅಜ್ಜ ಶೆಲ್ಲುಗಳನ್ನ ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ತಳ್ಳುತ್ತಿದ್ದರು. ಪದೇ ಪದೇ ಶೆಲ್ಲು ಕೊಳ್ಳೋದು ಸಣ್ಣ ಖರ್ಚಲ್ಲ.

ಹಾಗಾಗಿ ಗಾಡಿ ಬ್ಯಾಟರಿ ಮೇಲೆ ಕಣ್ಣು ಬಿತ್ತು. ರಾಜದೂತ್‌ನದು 6 ವೋಲ್ಟು, ಟ್ರ್ಯಾಕ್ಟರಿನದು 12. ಮತ್ತೆ ಮತ್ತೆ ಚಾರ್ಜ್ ಮಾಡಬಹುದು. ಆದರೆ 2.5 ವೋಲ್ಟಿನ ಬಲ್ಬನ್ನ 6ಕ್ಕೆ ಹಚ್ಚಿದರೆ ಒಂದೇ ಮಿಂಚು, ಮುಗೀತು. ತಂತಿಯ ಬಲ್ಬಿಗೆ ವೋಲ್ಟೇಜು ಶೇ. 10 ಹೆಚ್ಚಾದರೇ ಬೆಳಕು ಸುಮಾರು ಶೇ. 40 ಏರಿ, ಆಯುಷ್ಯ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಅದಕ್ಕೇ ಗಾಡಿಯ ಪಾರ್ಕಿಂಗ್ ಬಲ್ಬನ್ನೇ ಟಾರ್ಚಿನ ರಿಫ್ಲೆಕ್ಟರಿಗೆ ಕೂಡಿಸಿ, ವೈರು ಹೊರಗೆ ತಂದು, 6 ವೋಲ್ಟಿನದನ್ನ ಹೆಗಲ ಚೀಲದಲ್ಲಿ ಹೊರೋದು. ಚೀಲ ವಾಲಿದರೆ ಆ್ಯಸಿಡ್ ಚೆಲ್ಲಿ ಧೋತರಕ್ಕೆ ತೂತು!

ಆಮೇಲೆ ಬಂತು ಎಲ್‌ಇಡಿ. ಜಪಾನಿನ ನಕಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಮಾಡಿದ್ದರಿಂದ ಬಿಳಿಯದು ಸಾಧ್ಯವಾಯಿತು (2014ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್). ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟು ಸಾಕು. ಈಗ ಔಷಧ ಹೊಡೆಯುವ ಪಂಪಿನ 12 ವೋಲ್ಟಿನ ಬ್ಯಾಟರಿ ಬಹಳ ಮನೆಗಳಲ್ಲಿದೆ, ಆ್ಯಸಿಡ್ ಚೆಲ್ಲದ್ದು. ಮೂರು ಎಲ್‌ಇಡಿ ಸಾಲಾಗಿ ಜೋಡಿಸಿದರೆ 9.6 ಹೋಗಿ 2.4 ಉಳೀತು. 20 ಮಿಲಿಆಂಪಿಗೆ 120 ಓಮ್ ರೆಸಿಸ್ಟರ್. ಲೆಕ್ಕ ಸರಿ ಅನಿಸುತ್ತೆ ಅಲ್ವಾ?

ಆದರೆ '12 ವೋಲ್ಟು' ಅನ್ನೋದು ಬರೀ ಹೆಸರು. ಚಾರ್ಜಿಗಿಟ್ಟಾಗ ಅದು 14.4ರ ತನಕ ಏರುತ್ತೆ. ಆಗ ಉಳಿಯೋದು 4.8, ಕರೆಂಟು 40 ಮಿಲಿಆಂಪು, ಅಂದರೆ ಎರಡು ಪಟ್ಟು. ಪುಟ್ಟ ಎಲ್‌ಇಡಿ ಕಾದು ಕಾದು ಮಂಕಾಗುತ್ತೆ. ನಾವು ಸಾಫ್ಟ್‌ವೇರಿನವರು ಕೆಟ್ಟ ಇನ್‌ಪುಟ್ ಕೊಟ್ಟೇ ಟೆಸ್ಟ್ ಮಾಡ್ತೀವಲ್ಲ, ಇಲ್ಲೂ ಹಾಗೇ. ನಾನಾದರೆ 240 ಓಮ್ ಹಾಕ್ತೀನಿ. 12ರಲ್ಲಿ 10 ಮಿಲಿಆಂಪಿಗಿಳಿದು ಬೆಳಕು ಸ್ವಲ್ಪ ಕಮ್ಮಿ. ಸಾಲದಿದ್ದರೆ ಇನ್ನೊಂದು ಮೂರರ ಸಾಲು, ಅದಕ್ಕೆ ಅದರದ್ದೇ ರೆಸಿಸ್ಟರ್.

ಪ್ಲಸ್ ವೈರಿಗೆ, ಬ್ಯಾಟರಿಯ ಬುಡದಲ್ಲೇ, 1 ಆಂಪಿನ ಫ್ಯೂಸ್ ಬೇಕೇ ಬೇಕು. ಶೆಲ್ಲು ಶಾರ್ಟ್ ಆದರೆ ಬೆಚ್ಚಗಾಗುತ್ತೆ ಅಷ್ಟೇ. ಇದು ಶಾರ್ಟ್ ಆದರೆ ವೈರು ಕೆಂಪಗೆ ಕಾದು ಹೆಗಲ ಚೀಲಕ್ಕೇ ಬೆಂಕಿ ಹತ್ತುತ್ತೆ.