ಪಂಕ್ತಿಭೇದವಿಲ್ಲದ ಶಾಲೆ: ಬೆಳಗಾವಿ–ಖಾನಾಪುರ ಸೀಮೆಯ ಪರಂಪರೆ ಹಾಗೂ ಇಂದಿನ ಹೊಣೆ

ಖಾನಾಪುರ ತಾಲೂಕಿನ ಕಕ್ಕೇರಿಯು ಡೋಹರ ಕಕ್ಕಯ್ಯ ಶರಣರ ಐಕ್ಯಸ್ಥಳವೆಂದು ನಮ್ಮ ಪರಂಪರೆ ನಂಬಿಕೊಂಡು ಬಂದಿದೆ. ಚರ್ಮ ಹದಮಾಡುವ ಕಾಯಕದ ಈ ಶರಣರನ್ನು ಬಸವಣ್ಣನವರು ತಮ್ಮ ಮನೆಯ ಹಿರಿಯರೆಂದು ಭಾವಿಸಿದ್ದರು. ಕಲ್ಯಾಣದ ವಿಪ್ಲವದ ತರುವಾಯ ಉಳವಿಯತ್ತ ಸಾಗಿದ ಶರಣರ ದಾರಿ ಈ ಸೀಮೆಯ ಮೂಲಕವೇ ಹಾದುಹೋಯಿತು. ಆದ್ದರಿಂದ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಸ್ಥಾನವಿರಬೇಕೆಂಬ ವಿಚಾರ ನಮ್ಮ ಭಾಗಕ್ಕೆ ಹೊರಗಿನಿಂದ ಬಂದದ್ದಲ್ಲ. ಇಂದು ಶಿಕ್ಷಣಶಾಸ್ತ್ರದಲ್ಲಿ ವೈವಿಧ್ಯ, ಸಮತೆ, ಒಳಗೊಳ್ಳುವಿಕೆ ಎಂದು ಕರೆಯಲಾಗುವ ಮೂರು ತತ್ವಗಳನ್ನು ಈ ಸೀಮೆಯ ಅನುಭವದ ಬೆಳಕಿನಲ್ಲಿ ಇಲ್ಲಿ ವಿವರಿಸಲಾಗಿದೆ.

ವೈವಿಧ್ಯವೆಂದರೆ ಜಾತಿ, ಮತ, ಭಾಷೆ, ಲಿಂಗ, ದೇಹಸ್ಥಿತಿಗಳಲ್ಲಿ ಬೇರೆಬೇರೆಯಾದ ಮಕ್ಕಳು ಒಂದೆಡೆ ಸೇರುವುದು. ಒಳಗೊಳ್ಳುವಿಕೆ ಎಂದರೆ ಹಾಗೆ ಸೇರಿದವರಲ್ಲಿ ಯಾರಿಗೂ ತಾವು ಹೊರಗಿನವರೆಂಬ ಭಾವ ಬಾರದಿರುವುದು. ನಡುವಿನ ಸಮತೆಯ ಬಗೆಗೆ ಮಾತ್ರ ಗೊಂದಲ ಹೆಚ್ಚು. ಎಲ್ಲರಿಗೂ ಒಂದೇ ಅಳತೆಯಲ್ಲಿ ನೀಡುವುದನ್ನು ಸಮತೆಯೆಂದು ಹಲವರು ತಿಳಿದಿದ್ದಾರೆ. ದಾಸೋಹದ ಪಂಕ್ತಿಯಲ್ಲಿ ಯಾರೂ ಹಾಗೆ ಬಡಿಸುವುದಿಲ್ಲ; ಹಸಿವು ನೋಡಿ ಬಡಿಸುತ್ತಾರೆ. ಕಲಿಕೆಗೂ ಈ ನ್ಯಾಯವೇ ಅನ್ವಯಿಸುತ್ತದೆ.

ಬೆಳಗಾವಿಯ ಶಿಕ್ಷಣ ಇತಿಹಾಸದಲ್ಲಿ ಎರಡು ಧಾರೆಗಳಿವೆ. ಮೊದಲನೆಯದು, ವಂಚಿತವಾದ ಒಂದು ಸಮುದಾಯ ತನ್ನ ಮಕ್ಕಳಿಗಾಗಿ ಕಟ್ಟಿಕೊಂಡ ವಿದ್ಯಾಸಂಸ್ಥೆಗಳದು. ಮುಂಬಯಿ ಪ್ರಾಂತದ ಆಡಳಿತದಲ್ಲಿ ಇಂಗ್ಲಿಷ್ ವಿದ್ಯೆ ಕೆಲವರಿಗಷ್ಟೇ ಎಟುಕುತ್ತಿದ್ದಾಗ, ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳಿಗಾಗಿ ಮೀಸಲಿಟ್ಟರು. ಏಳು ಜನ ತರುಣ ಶಿಕ್ಷಕರು 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಬೆಳಗಾವಿಯಲ್ಲಿ ಒಂದು ಶಾಲೆಯೊಂದಿಗೆ ಆರಂಭಿಸಿದರು. ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಲಿಂಗಾಯತ, ಜೈನ, ಮರಾಠಾ ಮೊದಲಾದ ಸಮುದಾಯಗಳ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಸತಿಗೃಹಗಳಿಗೆ ಆಸರೆ ನೀಡಿದ್ದರು. ಇವೆಲ್ಲ ಸಮತೆಯ ಪ್ರಯತ್ನಗಳೇ, ಆದರೆ ಒಳಗೊಳ್ಳುವಿಕೆಯಲ್ಲ. ಆಯಾ ಸಮುದಾಯದ ಮಕ್ಕಳು ಆಯಾ ವಸತಿಗೃಹದಲ್ಲಿ ಉಂಡು ಬೆಳೆದರು.

ಎರಡನೆಯ ಧಾರೆ ಪ್ರಸಾದ ನಿಲಯದ್ದು. ನಾಗನೂರು ರುದ್ರಾಕ್ಷಿಮಠದ ಲಿಂಗೈಕ್ಯ ಶಿವಬಸವ ಮಹಾಸ್ವಾಮಿಗಳು ಹಳ್ಳಿಗಳಲ್ಲಿ ಭಿಕ್ಷೆಯೆತ್ತಿ ತಂದ ಕಾಳುಕಡಿಯಿಂದ ಬೆಳಗಾವಿಯಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಇಂದಿನ ಶಿವಬಸವನಗರಕ್ಕೆ ಅವರದೇ ಹೆಸರು. ತುಮಕೂರಿನ ಸಿದ್ಧಗಂಗೆಯಲ್ಲಿ ಸರ್ವಜಾತಿ ಮತಗಳ ಮಕ್ಕಳು ಕೂಡಿ ಉಂಡು ಕಲಿತ ಸಂಗತಿ ನಾಡಿಗೇ ತಿಳಿದಿದೆ. ಶಾಲಾ ಮಕ್ಕಳ ಮಧ್ಯಾಹ್ನದ ಊಟಕ್ಕೆ ಸರಕಾರ 2002ರಲ್ಲಿ ಆರಿಸಿಕೊಂಡ ಹೆಸರೂ ಅಕ್ಷರ ದಾಸೋಹ. ಹೆಸರು ನಮ್ಮದಾಯಿತು; ನಡೆ ಎಲ್ಲೆಡೆ ಹಾಗಾಗಲಿಲ್ಲ. ದಲಿತ ತಾಯಿ ಮಾಡಿದ ಅಡುಗೆಯನ್ನು ಮಕ್ಕಳು ಉಣ್ಣದಂತೆ ಪಾಲಕರು ತಡೆದ ಸುದ್ದಿಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಅಂತಹ ಊರಿನಲ್ಲಿ ಬಸವ ಜಯಂತಿಯ ಮೆರವಣಿಗೆ ಎಷ್ಟು ದೊಡ್ಡದಾದರೇನು?

ಇನ್ನು ಖಾನಾಪುರದ ಮಾತು. ತಾಲೂಕಿನ ಪೂರ್ವಭಾಗ ಬಯಲು, ಪಶ್ಚಿಮ ಸಹ್ಯಾದ್ರಿಯ ದಟ್ಟ ಕಾಡು. ಒಂದೇ ತಾಲೂಕಿನಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳಿವೆ. ಭೀಮಗಡ ವನ್ಯಧಾಮದ ಒಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ಅಂದು ಶಿಕ್ಷಕರೂ ಬರಲಾರರು, ಮಕ್ಕಳೂ ಹೊರಡಲಾರರು. ದನ ಕಾಯುವ ಗವಳಿ ಕುಟುಂಬಗಳಿವೆ; ಸಿದ್ದಿ ಜನರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಮಾನ್ಯತೆ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ದೊರೆತದ್ದು 2020ರಲ್ಲಿ. ಗಡಿರೇಖೆಯ ಈಚೆ ಹುಟ್ಟಿದ ಕಾರಣಕ್ಕೆ ಒಂದು ತಲೆಮಾರಿನ ಮಕ್ಕಳು ವಿದ್ಯಾರ್ಥಿವೇತನದಿಂದ ದೂರ ಉಳಿದರು.

ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಮಗು ಒಂದನೆಯ ತರಗತಿಯಲ್ಲಿ ಕನ್ನಡ ಕೇಳಿ ಮೂಕವಾದರೆ ಅದನ್ನು ದಡ್ಡತನವೆಂದು ಎಣಿಸಲಾಗದು. ಬಾಲ್ಯದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯವಿರಲೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಕಲಿಸಬೇಕೆಂದು ರಾಜ್ಯದ 2015ರ ಕಾಯ್ದೆ ಹೇಳುತ್ತದೆ. ಇವೆರಡೂ ಪರಸ್ಪರ ವಿರೋಧಿಗಳಲ್ಲ. ಬೆಳಗಾವಿಯಲ್ಲಿ ಕನ್ನಡವನ್ನು ಉಳಿಸಲು ಮಠಗಳು ಪಟ್ಟ ಪಾಡು ದೊಡ್ಡದು. ಆ ಅಭಿಮಾನದಲ್ಲಿ ಕಿಂಚಿತ್ತೂ ಕೊರತೆ ಬೇಕಿಲ್ಲ. ಆದರೆ ಆರು ವರ್ಷದ ಮರಾಠಿ ಕೂಸಿಗೆ ಗಡಿವಿವಾದ ಗೊತ್ತಿಲ್ಲ. ಅದರ ಮನೆಮಾತಿನ ನಾಲ್ಕು ಪದಗಳನ್ನು ಶಿಕ್ಷಕರು ಕಲಿತರೆ ಅದು ಕನ್ನಡವನ್ನು ಬೇಗ ಕಲಿಯುತ್ತದೆ. ಹೆದರಿಸಿದರೆ ಶಾಲೆಯನ್ನೇ ಬಿಡುತ್ತದೆ.

ನಮ್ಮ ಸಂಸ್ಥೆಗಳೇ ಎದುರಿಸಬೇಕಾದ ಒಂದು ಸೂಕ್ಷ್ಮ ಪ್ರಶ್ನೆಯಿದೆ. ಮಠದ ಶಾಲೆಯಲ್ಲಿ ಮುಸಲ್ಮಾನ, ಕ್ರೈಸ್ತ, ಜೈನ ಮಕ್ಕಳೂ ಓದುತ್ತಾರೆ. ಅವರೂ ವಿಭೂತಿ ಧರಿಸಿ ಪೂಜೆಗೆ ಕೂರಬೇಕೇ? ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28(3)ನೆಯ ವಿಧಿ ಸ್ಪಷ್ಟಪಡಿಸಿದೆ. ಅನುದಾನಿತ ಸಂಸ್ಥೆಯು ಧರ್ಮ, ಜಾತಿ, ಭಾಷೆಗಳ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದೆಂದು 29(2)ನೆಯ ವಿಧಿಯಿದೆ. ವಚನಗಳನ್ನು ಕನ್ನಡದ ಶ್ರೇಷ್ಠ ಸಾಹಿತ್ಯವಾಗಿ ಎಲ್ಲ ಮಕ್ಕಳಿಗೂ ಕಲಿಸೋಣ. ಇಷ್ಟಲಿಂಗ ಪೂಜೆ ದೀಕ್ಷೆ ಪಡೆದವರ ಅಂತರಂಗದ ಸಾಧನೆ. ಹಾಜರಿ ಹಾಕಿ ಮಾಡಿಸುವಂಥದಲ್ಲ.

ಶುಲ್ಕವೂ ಒಂದು ಗೋಡೆಯೇ. ಭಿಕ್ಷೆಯ ಜೋಳಿಗೆಯಿಂದ ಬೆಳೆದ ಪರಂಪರೆಯ ಹೆಸರು ಹೊತ್ತ ಶಾಲೆಯ ಬಾಗಿಲಲ್ಲಿ ಕೂಲಿಕಾರನೊಬ್ಬ ಶುಲ್ಕಪಟ್ಟಿ ಓದಿ ಹಿಂದಿರುಗುವಂತಾದರೆ ಅದನ್ನು ಆಡಳಿತ ಮಂಡಳಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶಿಕ್ಷಣ ಹಕ್ಕು ಕಾಯ್ದೆಯನ್ವಯ ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದ ಮಕ್ಕಳಿಗೆ ಶೇ. 25 ಸೀಟುಗಳಿದ್ದವು. ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅದು ಅನ್ವಯಿಸದೆಂದು ರಾಜ್ಯವು 2019ರಿಂದ ನಿಯಮ ಬದಲಿಸಿದ ಮೇಲೆ ಆ ದಾರಿ ಬಹಳ ಕಿರಿದಾಗಿದೆ. ಕಾನೂನು ಕೇಳದಿದ್ದರೂ ತಾವಾಗಿ ಕೆಲವು ಸೀಟುಗಳನ್ನು ನೀಡಲು ಸಂಸ್ಥೆಗಳಿಗೆ ಯಾವ ಅಡ್ಡಿಯೂ ಇಲ್ಲ.

ದಿನನಿತ್ಯದ ಕೆಲವು ರೂಢಿಗಳನ್ನು ಖರ್ಚಿಲ್ಲದೆಯೇ ತಿದ್ದಬಹುದು. ವಿದ್ಯಾರ್ಥಿವೇತನದ ಹೆಸರುಗಳನ್ನು ತರಗತಿಯಲ್ಲಿ ಜಾತಿ ಹಿಡಿದು ಕೂಗದೆ ಪಾಲಕರಿಗೆ ಪ್ರತ್ಯೇಕವಾಗಿ ತಿಳಿಸಬಹುದು. ಪ್ರಸಾದ ನಿಲಯದ ಅರ್ಜಿಯಲ್ಲಿ ಒಳಪಂಗಡದ ಕಾಲಂ ಏಕೆ ಬೇಕೆಂದು ಸಮಿತಿ ಒಮ್ಮೆ ಕೇಳಿಕೊಳ್ಳಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಣ್ಣು ಮಂದವಾದ, ಕಿವಿ ಮಂದವಾದ ಮಗುವನ್ನು ಮುಂದಿನ ಸಾಲಿಗೆ ಕರೆತರಲು ಕಾಯ್ದೆಯ ಪ್ರತಿಯೂ ಬೇಕಾಗದು. ದೂರದ ಹಳ್ಳಿಗಳಿಂದ ನಡೆದು ಬರುವ ಹೆಣ್ಣುಮಕ್ಕಳು ಏಳನೆಯ ತರಗತಿಗೆ ಶಾಲೆ ಬಿಡುತ್ತಿದ್ದರೆ ಬಸ್ಸಿನ ವೇಳೆ ಹಾಗೂ ಶೌಚಾಲಯದ ನೀರು, ಈ ಎರಡನ್ನು ಮೊದಲು ವಿಚಾರಿಸಬೇಕು.

ಹೊಸ ಶೈಕ್ಷಣಿಕ ವರ್ಷದ ಪ್ರವೇಶ ಆರಂಭವಾಗುವ ಮೊದಲು ಶಾಲಾ ಸಮಿತಿಗಳಲ್ಲಿರುವ ಸದ್ಭಕ್ತರು ತಮ್ಮ ಶಾಲೆಯ ಹಾಜರಿ ಪುಸ್ತಕವನ್ನೊಮ್ಮೆ ತೆಗೆದು, ಸುತ್ತಲಿನ ಯಾವ ಓಣಿಯ, ಯಾವ ತಾಂಡೆಯ, ಯಾವ ಗವಳಿವಾಡದ ಮಕ್ಕಳ ಹೆಸರು ಅದರಲ್ಲಿಲ್ಲವೆಂಬುದನ್ನು ಗುರುತು ಹಾಕಿ, ಆ ಮನೆಗಳಿಗೆ ಹೋಗಿ ಬರಬೇಕೆಂದು ವಿನಂತಿ.