ಲುಂಡೆಹುಂಡ್: ವಂಶಾವಳಿ ದಾಖಲೆ ಮತ್ತು ಆನುವಂಶಿಕ ವೈವಿಧ್ಯ

ಲುಂಡೆಹುಂಡ್ ನಾರ್ವೆಯ ಲೊಫೋಟೆನ್ ದ್ವೀಪಸಮೂಹಕ್ಕೆ ಸೇರಿದ ಅಪರೂಪದ ನಾಯಿತಳಿ. ಕಡಲಂಚಿನ ಬಂಡೆಬಿರುಕುಗಳಲ್ಲಿ ಗೂಡು ಮಾಡುವ ಪಫಿನ್ ಹಕ್ಕಿಗಳನ್ನು ಹಿಡಿಯಲು ಇದನ್ನು ಸಾಕುತ್ತಿದ್ದರು. ಇಂದು ಜಗತ್ತಿನಲ್ಲಿ ಸುಮಾರು 1,500 ಲುಂಡೆಹುಂಡ್‌ಗಳಿವೆಯೆಂದು ಅಂದಾಜು. ಅವೆಲ್ಲವೂ 1960ರ ದಶಕದಲ್ಲಿ ಉಳಿದಿದ್ದ ಬೆರಳೆಣಿಕೆಯ ನಾಯಿಗಳ ಸಂತತಿ. ಹೀಗಾಗಿ ಒಳಸಂಕರಣದ ಪರಿಣಾಮಗಳನ್ನು, ವಂಶಾವಳಿ ದಾಖಲೆಯ ಉಪಯೋಗವನ್ನು ಮತ್ತು ಅದರ ಮಿತಿಯನ್ನು ಅಧ್ಯಯನ ಮಾಡುವವರಿಗೆ ಈ ತಳಿ ಮುಖ್ಯ ಉದಾಹರಣೆಯಾಗಿದೆ.

ಲಕ್ಷಣಗಳು

ಗಂಡು 35–38 ಸೆಂ.ಮೀ. ಎತ್ತರ, ಸುಮಾರು 7 ಕಿ.ಗ್ರಾಂ ತೂಕ, ಹೆಣ್ಣು ತುಸು ಚಿಕ್ಕದು. ಮೈಬಣ್ಣ ಕೆಂಗಂದು, ಕೂದಲ ತುದಿ ಕಪ್ಪು, ಅಲ್ಲಲ್ಲಿ ಬಿಳಿ. ಪ್ರತಿ ಪಾದದಲ್ಲೂ ಕನಿಷ್ಠ ಆರು ಬೆರಳುಗಳಿವೆ. ಮುಂಗಾಲುಗಳು ದೇಹದ ಎರಡೂ ಬದಿಗೆ ಚಾಚಿಕೊಳ್ಳುತ್ತವೆ, ಕತ್ತು ಹಿಂದಕ್ಕೆ ಬಾಗಿ ತಲೆ ಬೆನ್ನಿಗೆ ತಾಗುತ್ತದೆ, ಕಿವಿಗಳು ಮಡಚಿಕೊಂಡು ರಂಧ್ರವನ್ನು ಮುಚ್ಚುತ್ತವೆ. ಇವು ಇಕ್ಕಟ್ಟಾದ ಬಿರುಕುಗಳಲ್ಲಿ ನುಸುಳಲು ನೆರವಾಗುತ್ತಿದ್ದಿರಬೇಕು. ಲುಂಡೆಹುಂಡ್ ಸಾಕುನಾಯಿಯೇ ಅಲ್ಲ, ಹಿಮಯುಗದಿಂದ ಉಳಿದುಬಂದ ಬೇರೆಯೇ ಜೀವಿ ಎಂಬ ಮಾತು ಜನಪ್ರಿಯ ಬರಹಗಳಲ್ಲಿ ಆಗಾಗ ಕಾಣುತ್ತದೆ. ಜೀನ್ ಅಧ್ಯಯನಗಳು ಇದನ್ನು ಸಮರ್ಥಿಸುವುದಿಲ್ಲ. ಅವುಗಳ ಪ್ರಕಾರ ಇದು ಉತ್ತರ ಯೂರೋಪಿನ ಉಳಿದ ನಾಯಿಗಳ ಹತ್ತಿರದ ಬಂಧು.

ಇತಿಹಾಸ

ವೇರೋಯ್ ದ್ವೀಪದಲ್ಲಿ ಪಫಿನ್ ಹಿಡಿಯುವ ನಾಯಿಗಳಿದ್ದವೆಂದು ಎರಿಕ್ ಹಾನ್ಸನ್ ಶೋನ್ನೆಬೋಲ್ 1591ರಲ್ಲಿ ಬರೆದಿದ್ದಾನೆ. ಅದಕ್ಕೂ ಹಿಂದಿನ ಉಲ್ಲೇಖಗಳೆಂದು ಹೇಳಲಾಗುವವು ಅಷ್ಟು ಖಚಿತವಲ್ಲ. 19ನೆಯ ಶತಮಾನದ ನಡುಭಾಗದಲ್ಲಿ ಹಕ್ಕಿ ಹಿಡಿಯಲು ಬಲೆ ಬಳಕೆಗೆ ಬಂತು, ನಾಯಿಗೆ ತೆರಿಗೆಯೂ ಬಿತ್ತು. ಬಲೆಗೆ ಅನ್ನ ಹಾಕಬೇಕಿಲ್ಲ, ತೆರಿಗೆ ಕಟ್ಟಬೇಕಿಲ್ಲ. ನಾಯಿ ಸಾಕುವವರು ಕಡಿಮೆಯಾಗುತ್ತ ಹೋಗಿ, ಕೊನೆಗೆ ರಸ್ತೆಯಿಲ್ಲದ ಮೋಸ್ತಾದ್ ಎಂಬ ಒಂದೇ ಹಳ್ಳಿಯಲ್ಲಿ ತಳಿ ಉಳಿಯಿತು.

1925ರಲ್ಲಿ ಸಿಗುರ್ಡ್ ಸ್ಕೌನ್ ಈ ನಾಯಿಗಳ ಬಗ್ಗೆ ಲೇಖನ ಬರೆದ. ಅದರಿಂದ ಕುತೂಹಲಗೊಂಡ ಎಲಿನೋರ್ ಕ್ರಿಸ್ಟಿ 1939ರಲ್ಲಿ ಮೋಸ್ತಾದ್‌ನಿಂದ ಕೆಲವು ನಾಯಿಗಳನ್ನು ದಕ್ಷಿಣ ನಾರ್ವೆಯ ಹಾಮಾರ್‌ಗೆ ತರಿಸಿಕೊಂಡು ಸಂತಾನ ಬೆಳೆಸಿದರು. ಯುದ್ಧಕಾಲದಲ್ಲಿ ವೇರೋಯ್‌ಗೆ ಡಿಸ್ಟೆಂಪರ್ ರೋಗ ಹಬ್ಬಿ ಅಲ್ಲಿನ ನಾಯಿಗಳು ಬಹುತೇಕ ಸತ್ತವು; ಕ್ರಿಸ್ಟಿ ತಮ್ಮಲ್ಲಿದ್ದವುಗಳಲ್ಲಿ ಕೆಲವನ್ನು ದ್ವೀಪಕ್ಕೆ ಕಳಿಸಿದರು. ಆಮೇಲೆ ರೋಗ ಹಾಮಾರ್‌ಗೂ ಬಂತು. ಆಗ ದ್ವೀಪದ ನಾಯಿಗಳೇ ತಳಿಗೆ ಆಸರೆಯಾದವು. ಈ ನಡುವೆ 1943ರಲ್ಲಿ ನಾರ್ವೇಜಿಯನ್ ಕೆನಲ್ ಕ್ಲಬ್ ತಳಿಗೆ ಮಾನ್ಯತೆ ಕೊಟ್ಟಿತು. 1962ರಲ್ಲಿ ತಳಿಯ ಸಂಘ ಸ್ಥಾಪನೆಯಾಯಿತು. 1963ರಲ್ಲಿ ಮತ್ತೆ ಬಂದ ಡಿಸ್ಟೆಂಪರ್‌ನಿಂದ ಉಳಿದದ್ದು ಆರು ನಾಯಿಗಳು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ: ವೇರೋಯ್‌ನಲ್ಲಿ ಒಂದು, ದಕ್ಷಿಣದಲ್ಲಿ ಐದು. ಆ ಐದೂ ಒಂದೇ ತಾಯಿಯವು.

ವಂಶಾವಳಿಯ ಲೆಕ್ಕ

ಒಳಸಂಕರಣದ ಪ್ರಮಾಣವನ್ನು ಲೆಕ್ಕ ಹಾಕುವ ಕ್ರಮವನ್ನು ಅಮೆರಿಕದ ಸ್ಯೂಯಲ್ ರೈಟ್ 1922ರಲ್ಲಿ ರೂಪಿಸಿದ. ಒಂದು ಜೀನ್‌ನ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವವೇ ಒಳಸಂಕರಣ ಗುಣಾಂಕ. ತಾಯಿ ಒಂದೇ, ತಂದೆ ಬೇರೆಯಾದ ಎರಡು ನಾಯಿಗಳನ್ನು ಕೂಡಿಸಿದರೆಂದುಕೊಳ್ಳೋಣ. ಹುಟ್ಟುವ ಮರಿಯ ತಂದೆಯಿಂದ ಅಜ್ಜಿಗೆ, ಅಜ್ಜಿಯಿಂದ ಮರಿಯ ತಾಯಿಗೆ ಒಂದು ದಾರಿ ಇದೆ. ದಾರಿಯಲ್ಲಿರುವ ಮೂರು ನಾಯಿಗಳಲ್ಲಿ ಒಂದೊಂದಕ್ಕೂ ಅರ್ಧ ಎಂದು ಗುಣಿಸಿದರೆ ಎಂಟರಲ್ಲಿ ಒಂದು, ಅಂದರೆ ಶೇ. 12.5. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟಾಗ ಹುಟ್ಟುವ ಮಗುವಿನ ಗುಣಾಂಕವೂ ಇಷ್ಟೇ. ಸೋದರತ್ತೆ–ಸೋದರಮಾವನ ಮಕ್ಕಳ ಮದುವೆಯಲ್ಲಿ ಇದರ ಅರ್ಧ. ಒಡಹುಟ್ಟಿದ ನಾಯಿಗಳನ್ನೇ ಕೂಡಿಸಿದರೆ ಶೇ. 25.

ರೈಟ್‌ನ ಸೂತ್ರದಲ್ಲಿ ಇನ್ನೊಂದು ಅಂಶವಿದೆ. ಆ ಅಜ್ಜಿಯೇ ಹತ್ತಿರದ ಸಂಬಂಧಿಕರಿಗೆ ಹುಟ್ಟಿದ್ದರೆ ಫಲಿತಾಂಶವನ್ನು ಆ ಪ್ರಮಾಣಕ್ಕೆ ತಕ್ಕಂತೆ ಹೆಚ್ಚಿಸಬೇಕು. ಅಜ್ಜಿಯ ತಂದೆತಾಯಿ ವಂಶಾವಳಿ ಪುಸ್ತಕದಲ್ಲಿ ಇಲ್ಲದಿದ್ದರೆ ಆ ಜಾಗದಲ್ಲಿ ಸೊನ್ನೆ ಇಟ್ಟು ಮುಂದುವರಿಯುವುದು ರೂಢಿ. ಮೋಸ್ತಾದ್‌ನಂಥ ಹಳ್ಳಿಯಲ್ಲಿ ತಲೆಮಾರುಗಳ ಕಾಲ ಒಟ್ಟಿಗೆ ಬೆಳೆದ ನಾಯಿಗಳು ಪರಸ್ಪರ ಸಂಬಂಧವಿಲ್ಲದವು ಎಂದು ನಂಬುವುದು ಕಷ್ಟ. ಆದರೂ ವಂಶಾವಳಿ ಅವುಗಳನ್ನು ಹಾಗೆಯೇ ಭಾವಿಸುತ್ತದೆ. ಹೀಗಾಗಿ ಲುಂಡೆಹುಂಡ್‌ನ ದಾಖಲೆಯಿಂದ ಬರುವ ಯಾವ ಅಂಕಿಯನ್ನೂ ಕನಿಷ್ಠ ಅಂದಾಜು ಎಂದೇ ಓದಬೇಕು.

ಈ ಎಚ್ಚರಿಕೆಯೊಂದಿಗೆ 2017ರಲ್ಲಿ ಅನ್ನೆ ಕೆಟ್ಟುನೆನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯನ್ನು ನೋಡಬಹುದು. ಅದರ ಪ್ರಕಾರ, ದಾಖಲೆಯ ಆರಂಭದ ನಾಯಿಗಳಲ್ಲಿದ್ದ ಆನುವಂಶಿಕ ವೈವಿಧ್ಯದಲ್ಲಿ ಶೇ. 38.8ರಷ್ಟು ಈಗ ಇಲ್ಲ. ಪರಿಣಾಮಕಾರಿ ಸಂಖ್ಯೆ, ಅಂದರೆ ಇಷ್ಟೇ ವೇಗವಾಗಿ ವೈವಿಧ್ಯ ಕಳೆದುಕೊಳ್ಳುವ ಆದರ್ಶ ಸಮುದಾಯದ ಗಾತ್ರ, ಲೆಕ್ಕದ ವಿಧಾನಕ್ಕೆ ಅನುಗುಣವಾಗಿ 13ರಿಂದ 82ರವರೆಗೆ ಬಂದಿದೆ. 13 ಎಂದರೆ ಪ್ರತಿ ತಲೆಮಾರಿನಲ್ಲಿ ಒಳಸಂಕರಣ ಸುಮಾರು ಶೇ. 3.8ರಷ್ಟು ಏರುತ್ತದೆ, 82 ಎಂದರೆ ಶೇ. 0.6. ಸಾಕುಪ್ರಾಣಿಗಳ ಸಂರಕ್ಷಣೆಯಲ್ಲಿ ಸಾಮಾನ್ಯವಾಗಿ 50ಕ್ಕಿಂತ ಕೆಳಗಿಳಿಯಬಾರದೆಂಬ ಮಾತಿದೆ. 82ನ್ನು ಕಂಡು ಸಮಾಧಾನಪಡುವ ಹಾಗಿಲ್ಲ. ಈ ಸಂಖ್ಯೆ ತಿಳಿಸುವುದು ನಷ್ಟದ ವೇಗವನ್ನು. ಈಗಾಗಲೇ ಹೋದದ್ದೆಷ್ಟು ಎಂಬುದನ್ನಲ್ಲ.

ಬೇರೆ ತಳಿಗಳಲ್ಲಿ ಸಂಬಂಧ ದೂರವಿರುವ ಜೋಡಿಯನ್ನು ಹುಡುಕಲು ವಂಶಾವಳಿ ನೆರವಾಗುತ್ತದೆ. ಯಾವ ನಾಯಿಯಿಂದ ಎಷ್ಟು ಮರಿ ಪಡೆಯಬೇಕೆಂದು ಗಣಿತದಿಂದ ನಿರ್ಧರಿಸುವ ಕ್ರಮವೂ ಇದೆ. ಲುಂಡೆಹುಂಡ್‌ನಲ್ಲಿ ಈ ಕ್ರಮವೊಂದರಿಂದಲೇ ಯಾವ ಸುಧಾರಣೆಯೂ ಆಗದೆಂದು ಅದೇ ಅಧ್ಯಯನ ಕಂಡುಕೊಂಡಿತು. ಯಾವ ಎರಡು ನಾಯಿಗಳನ್ನು ತೆಗೆದುಕೊಂಡರೂ ಸಂಬಂಧ ಹೆಚ್ಚುಕಡಿಮೆ ಅಷ್ಟೇ ಹತ್ತಿರದ್ದು. ಆಯ್ಕೆಗೆ ಅವಕಾಶವೇ ಇಲ್ಲ.

ಆರೋಗ್ಯ

ಕರುಳಿನಿಂದ ಪ್ರೋಟೀನ್ ಸೋರಿಹೋಗುವ ಕಾಯಿಲೆ ಈ ತಳಿಯಲ್ಲಿ ವ್ಯಾಪಕ. ಭೇದಿ, ವಾಂತಿ, ಮೈ ಇಳಿಯುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಇದರ ಚಿಹ್ನೆಗಳು. ಗುಣಪಡಿಸುವ ಮದ್ದಿಲ್ಲ, ಆಹಾರ ಮತ್ತು ಔಷಧಿಯಿಂದ ಹತೋಟಿಯಲ್ಲಿಡಬಹುದು. 2016ರ ಒಂದು ಅಧ್ಯಯನ ಲೆಪ್ರೆಲ್-1 ಎಂಬ ಜೀನ್‌ನತ್ತ ಬೆರಳು ತೋರಿಸಿದೆ. ಆದರೆ ದೋಷವುಳ್ಳ ಜೀನ್ ಬಹುತೇಕ ಎಲ್ಲ ನಾಯಿಗಳಲ್ಲೂ ಇದ್ದರೆ, ರೋಗಿಷ್ಠ ನಾಯಿಗಳನ್ನು ಸಂತಾನದಿಂದ ಹೊರಗಿಡುವುದರಿಂದ ಪ್ರಯೋಜನ ಅಲ್ಪ. ಫಲವತ್ತತೆಯೂ ಕಡಿಮೆ.

ಸಂಕರ ಯೋಜನೆ

ಕೆನಲ್ ಕ್ಲಬ್ ಮತ್ತು ತಳಿಯ ಸಂಘದ ಆಶ್ರಯದಲ್ಲಿ 2014ರಲ್ಲಿ ಹೊರತಳಿಯ ರಕ್ತ ಸೇರಿಸುವ ಕೆಲಸ ಶುರುವಾಯಿತು. ನಾರ್ವೇಜಿಯನ್ ಬುಹುಂಡ್, ಐಸ್‌ಲ್ಯಾಂಡಿಕ್ ಶೀಪ್‌ಡಾಗ್, ಸ್ವೀಡನ್ನಿನ ನೊರ್‌ಬಾಟನ್‌ಸ್ಪೆಟ್ಸ್ ಇದಕ್ಕೆ ಆಯ್ಕೆಯಾದ ಬಂಧು ತಳಿಗಳು. 30 ಲುಂಡೆಹುಂಡ್‌ಗಳ ಜೊತೆಗೆ 10 ಹೊರಗಿನ ನಾಯಿಗಳನ್ನು ಸೇರಿಸಿದರೆ ತಂದೆತಾಯಿ ನಾಯಿಗಳ ನಡುವಿನ ಸಂಬಂಧ ಶೇ. 40–42ರಷ್ಟು ಇಳಿಯುತ್ತದೆಂದು ಕೆಟ್ಟುನೆನ್ ತಂಡದ ಲೆಕ್ಕ. ಮೊದಲ ಸಂಕರದ ಮರಿಯಲ್ಲಿ ಲುಂಡೆಹುಂಡ್ ಅಂಶ ಅರ್ಧ; ಅದನ್ನು ಮತ್ತೆ ಲುಂಡೆಹುಂಡ್‌ಗೆ ಕೂಡಿಸಿದರೆ ಶೇ. 75, ಇನ್ನೊಮ್ಮೆ ಕೂಡಿಸಿದರೆ ಶೇ. 87.5. ಹೀಗೆ ಪ್ರತಿ ಸಲ ರೂಪ ಮರಳುತ್ತದೆ, ಹೊರಗಿನಿಂದ ಬಂದ ವೈವಿಧ್ಯ ಅರ್ಧಕ್ಕಿಳಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೇ ಯೋಜನೆಯ ಕಠಿಣ ಪ್ರಶ್ನೆ.

ಇತರ ತಳಿಗಳು

ಅಮೆರಿಕದಲ್ಲಿ 1973ರಲ್ಲಿ ಡಾಲ್ಮೇಷಿಯನ್‌ಗೆ ಪಾಯಿಂಟರ್ ಸಂಕರ ಮಾಡಿ ಯೂರಿಕ್ ಆಮ್ಲದ ದೋಷವನ್ನು ನಿವಾರಿಸಲಾಯಿತು. ಆ ಸಂತತಿಗೆ ಅಮೆರಿಕನ್ ಕೆನಲ್ ಕ್ಲಬ್‌ನ ನೋಂದಣಿ ದೊರೆತದ್ದು 2011ರಲ್ಲಿ. ಬಸೆಂಜಿ ತಳಿಗೂ ಆಫ್ರಿಕದಿಂದ ತಂದ ನಾಯಿಗಳಿಗಾಗಿ ಅದೇ ಕ್ಲಬ್ 1990ರಲ್ಲಿ ವಂಶಾವಳಿ ಪುಸ್ತಕ ತೆರೆಯಿತು.

ಮೌಲ್ಯಮಾಪನ

ಆರು ನಾಯಿಗಳಿಂದ ಒಂದು ತಳಿಯನ್ನು ಮತ್ತೆ ಬೆಳೆಸಲು ಸಾಧ್ಯವಾದದ್ದರಲ್ಲಿ ಕಟ್ಟುನಿಟ್ಟಿನ ದಾಖಲೆಯ ಪಾತ್ರ ದೊಡ್ಡದು. ಆದರೆ ದಾಖಲೆ ಇದ್ದದ್ದನ್ನು ಹಂಚಬಲ್ಲದು, ಕಳೆದುಹೋದ ಜೀನ್‌ಗಳನ್ನು ತಂದುಕೊಡಲಾರದು. ಲುಂಡೆಹುಂಡ್‌ನ ಮಟ್ಟಿಗೆ, ಹೊರಗಿನ ನಾಯಿಗಳಿಗೆ ಮುಚ್ಚಿದ ವಂಶಾವಳಿ ಪುಸ್ತಕವನ್ನು ಸಮರ್ಥಿಸುವ ವೈಜ್ಞಾನಿಕ ಆಧಾರ ಈಗ ಉಳಿದಿಲ್ಲ.